ಉಮ್ಮನಿಗೆ ಈ ವಯಸ್ಸಿನಲ್ಲಿ ಸ್ಕ್ಯಾನಿಂಗ್ ಯಾಕೆ?



"ಮಕ್ಕಳನ್ನು ಹೆತ್ತು ಮುಗಿಸಿ ಮೂವತ್ತು ವರ್ಷವಾಯಿತು. ಈಗ ನನಗೆಂಥ ಸ್ಕ್ಯಾನಿಂಗ್ ಮಗಳೇ?" ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಉಮ್ಮ ಹೀಗೆ ಕೇಳಿದಾಗ ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅವರನ್ನು ಆ ಬೆಂಚಿನವರೆಗೆ ಕರೆತರಲು ನಮಗೆ ಎರಡು ವರ್ಷ ಹಿಡಿದಿತ್ತು.

ಮೊದಲು ನೆಲದಲ್ಲಿ ಕುಳಿತು ಮೀನು ಶುಚಿ ಮಾಡುವುದನ್ನು ಬಿಟ್ಟರು. ಬಳಿಕ ಸುಜೂದ್‌ನಿಂದ ಏಳುವಾಗ ಗೋಡೆ ಹಿಡಿಯತೊಡಗಿದರು. ಕೊನೆಗೆ ಕುರ್ಚಿಯಲ್ಲೇ ನಮಾಝ್. ಕೇಳಿದರೆ, "ವಯಸ್ಸಾಯಿತಲ್ಲ" ಎಂಬ ಉತ್ತರ. ಹತ್ತಿರದ ಕ್ಲಿನಿಕ್ಕಿಗೆ ಹೋದಾಗ "ಸೊಂಟ ನೋವು" ಎಂದಷ್ಟೇ ಹೇಳಿದರು. ಬೆನ್ನಿಗೆ ಮುಲಾಮು ಸಿಕ್ಕಿತು, ನೋವಿನ ಸೂಜಿಯೂ ಬಿತ್ತು. ಎರಡು ದಿನ ಹಾಯಾಗಿತ್ತು, ಮತ್ತೆ ಅದೇ ನೋವು. ನಿಜವಾಗಿ ಅವರಿಗೆ ನೋಯುತ್ತಿದ್ದುದು ತೊಡೆಸಂದಿನಲ್ಲಿ. ಅದನ್ನು ಹೇಳಲು ಸಂಕೋಚ!

ನಾವು ಬೆನ್ನಿನ ಕೆಳಭಾಗಕ್ಕೂ ಸೊಂಟ ಎನ್ನುತ್ತೇವೆ, ಪಕ್ಕದ ಎಲುಬಿಗೂ ಸೊಂಟ ಎನ್ನುತ್ತೇವೆ. ಆದರೆ ಸೊಂಟದ ಕೀಲು, ಅಂದರೆ ಹಿಪ್ ಜಾಯಿಂಟ್, ಇರುವುದು ತೊಡೆಸಂದಿನ ಆಳದಲ್ಲಿ. ಅದು ಸವೆದರೆ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ, ತೊಡೆಯ ಮುಂಭಾಗದಲ್ಲಿ, ಕೆಲವೊಮ್ಮೆ ಮೊಣಕಾಲಿನಲ್ಲೂ ಕಾಣಿಸುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಕಷ್ಟವಾಗುತ್ತದೆ. ಮಗ್ಗುಲಾಗಿ ಮಲಗಿದಾಗ ಹೊರಬದಿಯಲ್ಲಿ ನೋಯುವುದು ಬಹುಪಾಲು ಬೇರೆಯೇ ತೊಂದರೆ. ಜಾಗ ತಪ್ಪಿ ಹೇಳಿದರೆ ಮದ್ದೂ ಜಾಗ ತಪ್ಪುತ್ತದೆ.

ಎಕ್ಸ್‌ರೇ ನೋಡಿದ ಡಾಕ್ಟರ್, ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡೋಣ ಎಂದರು. ಮೊಣಕಾಲಿನ ಕೀಲನ್ನು ಕೈಯಿಂದ ಮುಟ್ಟಿ ನೋಡಬಹುದು. ಸೊಂಟದ ಕೀಲು ಹಾಗಲ್ಲ. ಅದರ ಮೇಲೆ ದಪ್ಪ ಮಾಂಸಖಂಡಗಳಿವೆ, ಸನಿಹದಲ್ಲೇ ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳೂ ನರವೂ ಇವೆ. ಬರೀ ಅಂದಾಜಿನಲ್ಲಿ ಚುಚ್ಚಿದರೆ ಸೂಜಿ ನೂರರಲ್ಲಿ ಸುಮಾರು 72 ಬಾರಿ ಮಾತ್ರ ಕೀಲಿನೊಳಗೆ ಸೇರುತ್ತದೆ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಚುಚ್ಚಿದರೆ ಹೆಚ್ಚುಕಡಿಮೆ ಪ್ರತಿ ಬಾರಿಯೂ ಸೇರುತ್ತದೆ ಎಂದು 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವರದಿ ಹೇಳಿದೆ. ಉಮ್ಮನಿಗೆ ಸ್ಕ್ಯಾನಿಂಗ್ ಬೇಕಾದದ್ದು ಇದಕ್ಕೇ. ಅದರಲ್ಲಿ ಎಕ್ಸ್‌ರೇ ಕಿರಣಗಳೂ ಇಲ್ಲ.

ಉಮ್ಮನನ್ನು ಅಂಗಾತ ಮಲಗಿಸಿದರು. ತೊಡೆಯ ಮೇಲ್ಭಾಗದ ಒಂದಿಷ್ಟು ಜಾಗ ಬಿಟ್ಟು ಉಳಿದೆಲ್ಲ ಬಟ್ಟೆಯಿಂದ ಮುಚ್ಚಿದ್ದರು. ಔಷಧಿಯಿಂದ ಚರ್ಮ ಶುಚಿ ಮಾಡಿ, ಜೆಲ್ ಹಚ್ಚಿ, ಸ್ಕ್ಯಾನಿಂಗ್ ಉಪಕರಣವನ್ನು ತೊಡೆಯ ಎಲುಬಿನ ಕತ್ತಿನ ಜಾಡಿನಲ್ಲಿ ಓರೆಯಾಗಿ ಇಟ್ಟರು. ಪರದೆಯಲ್ಲಿ ಎಲುಬಿನ ದುಂಡು ತಲೆ ಬಿಳಿ ಗೆರೆಯಾಗಿ ಕಂಡಿತು. ರಕ್ತನಾಳಗಳು ಎಲ್ಲಿವೆಯೆಂದು ಮೊದಲೇ ಗುರುತಿಸಿಕೊಂಡು, ಅವುಗಳಿಂದ ದೂರವಾಗಿ ಹೊರಬದಿಯಿಂದ ಉದ್ದನೆಯ ತೆಳು ಸೂಜಿ ಇಳಿಸಿದರು. ತಲೆ ಮತ್ತು ಕತ್ತು ಸೇರುವಲ್ಲಿಗೆ ಸೂಜಿ ತಲುಪಿದ ಮೇಲೆಯೇ ಮದ್ದು ಬಿಟ್ಟರು. ಮದ್ದು ಹರಡಿದ್ದೂ ಪರದೆಯಲ್ಲಿ ಕಂಡಿತು. ಒಟ್ಟು ಕೆಲವೇ ನಿಮಿಷದ ಕೆಲಸ. ಮಹಿಳಾ ಡಾಕ್ಟರ್ ಅಥವಾ ನರ್ಸ್ ಜೊತೆಗಿರಲಿ ಎಂದು ನಾವು ಮೊದಲೇ ಕೇಳಿಕೊಂಡಿದ್ದೆವು. ನೀವೂ ಕೇಳಿ. ಸಂಕೋಚದಿಂದ ಚಿಕಿತ್ಸೆಯನ್ನೇ ಬಿಡುವುದಕ್ಕಿಂತ ಒಂದು ಮಾತು ಕೇಳುವುದು ಲೇಸಲ್ಲವೇ?

ಜೊತೆಗೆ ಕೊಡುವ ಮರಗಟ್ಟಿಸುವ ಮದ್ದಿನಿಂದ ಕೆಲವು ಗಂಟೆ ನೋವು ಇಳಿಯುತ್ತದೆ. ಹಾಗೆ ಇಳಿದರೆ, ನೋವಿನ ಮೂಲ ಆ ಕೀಲೇ ಎಂಬುದಕ್ಕೂ ಅದು ಸಾಕ್ಷಿ. ಅದರ ಪ್ರಭಾವ ಕಳೆದಾಗ ನೋವು ಮರಳಬಹುದು, ಗಾಬರಿ ಬೇಡ. ಸ್ಟೀರಾಯ್ಡ್ ಕೆಲಸ ಮಾಡಲು ಕೆಲವು ದಿನ ಬೇಕು. ನಾಲ್ಕನೆಯ ದಿನ ಉಮ್ಮ ಗೋಡೆ ಹಿಡಿಯದೆ ಎದ್ದರು.

ಆದರೆ ಇದು ಸವೆದ ಕೀಲನ್ನು ಹೊಸದು ಮಾಡುವುದಿಲ್ಲ. ಬ್ರಿಟನ್ನಿನಲ್ಲಿ 199 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಚುಚ್ಚುಮದ್ದು ಪಡೆದವರಿಗೆ ಸಲಹೆ ಮಾತ್ರ ಪಡೆದವರಿಗಿಂತ ಆರು ತಿಂಗಳ ಅವಧಿಯಲ್ಲಿ ನೋವು ಕಡಿಮೆಯಿತ್ತು. ಮೊದಲ ವಾರಗಳಲ್ಲಿ ಹೆಚ್ಚು ಆರಾಮ, ಬರಬರುತ್ತಾ ಕಡಿಮೆ. ಉಮ್ಮನಿಗೂ ಎರಡೂವರೆ ತಿಂಗಳ ಬಳಿಕ ನೋವು ಮೆಲ್ಲನೆ ಮರಳಿತು. ಆದರೆ ಆ ಅವಧಿಯಲ್ಲಿ ವ್ಯಾಯಾಮ ಮಾಡಿ ತೊಡೆಗೆ ಬಲ ತಂದುಕೊಂಡಿದ್ದರು. ಚುಚ್ಚುಮದ್ದಿನ ದೊಡ್ಡ ಉಪಕಾರ ಅದೇ.

ಹೋಗುವ ಮುನ್ನ ಕೆಲವು ವಿಷಯ ಮರೆಯದಿರಿ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ, ಕೆಲವು ದಿನ ಸಕ್ಕರೆ ಏರಬಹುದು. ರಕ್ತ ತೆಳುವಾಗುವ ಮಾತ್ರೆ, ಜ್ವರ, ಹುಣ್ಣು ಇದ್ದರೂ ಹೇಳಿ. ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಹತ್ತಿರದಲ್ಲಿದ್ದರೆ ಮೂರು ತಿಂಗಳ ಅಂತರ ಬೇಕು, ಇಲ್ಲವಾದರೆ ಸೋಂಕಿನ ಅಪಾಯ ಹೆಚ್ಚು. ಮೇಲಿಂದ ಮೇಲೆ ಚುಚ್ಚಿಸಿಕೊಂಡರೆ ಕೀಲಿನ ಮೃದ್ವಸ್ಥಿಗೆ ಹಾನಿಯಾದೀತು. ಚುಚ್ಚಿದ ಬಳಿಕ ಜ್ವರ ಬಂದರೆ, ನೋವು ದಿನೇದಿನೇ ಏರಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಮನೆಯ ಹಿರಿಯರು ನಮಾಝ್‌ಗೆ ಕುರ್ಚಿ ಕೇಳಿದರೆ ಖಂಡಿತ ಕೊಡಿ. ಜೊತೆಗೆ, "ನೋಯುವುದು ಎಲ್ಲಿ?" ಎಂದು ಪಕ್ಕದಲ್ಲಿ ಕುಳಿತು ಒಮ್ಮೆ ಕೇಳಿ.