ಹೆಸರು ಒಂದು, ವ್ಯಕ್ತಿಗಳು ಹಲವರು: ಸಮಾನನಾಮರ ಗುರುತಿನ ಪ್ರಶ್ನೆ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನಲ್ಲಿ ಬೇವೂರು ಎಂಬ ಗ್ರಾಮವಿದೆ. ಬಾಗಲಕೋಟೆ ತಾಲ್ಲೂಕಿನಲ್ಲಿ ಅದೇ ಹೆಸರಿನ ಮತ್ತೊಂದು ಗ್ರಾಮವಿದೆ. ಚನ್ನಪಟ್ಟಣ ತಾಲ್ಲೂಕಿನಲ್ಲಿ ಇನ್ನೊಂದಿದೆ. ಬೇವಿನ ಮರ ನಾಡಿನ ಯಾವ ಭಾಗಕ್ಕೂ ಹೊಸದಲ್ಲವಾದ್ದರಿಂದ ಈ ಪುನರಾವೃತ್ತಿ ಸಹಜವೇ. ಆದರೆ ಊರಿನ ಹೆಸರು ಮನೆತನದ ಅಡ್ಡಹೆಸರಾದಾಗ ತೊಡಕು ಆರಂಭವಾಗುತ್ತದೆ. ಬ್ರಿಟಿಷ್ ಆಡಳಿತದಲ್ಲಿ ಅಂಚೆ ಮತ್ತು ತಂತಿ ಇಲಾಖೆಯ ಮಹಾನಿರ್ದೇಶಕರಾಗಿದ್ದ ಸರ್ ಗುರುನಾಥ ಬೇವೂರ ಅವರೂ, 1973ರ ಜನವರಿಯಿಂದ 1975ರ ಮೇ ತಿಂಗಳವರೆಗೆ ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದ ಅವರ ಪುತ್ರ ಜನರಲ್ ಗೋಪಾಲ ಗುರುನಾಥ ಬೇವೂರ ಅವರೂ ಈ ಹೆಸರನ್ನು ಭಿನ್ನ ಕ್ಷೇತ್ರಗಳಿಗೆ ಒಯ್ದವರು. ಅಡ್ಡಹೆಸರೊಂದನ್ನೇ ನೆಚ್ಚಿ ಇವರನ್ನು ನಮ್ಮ ಬೇವೂರಿನವರೆಂದು ಸಾರುವುದು ಅಭಿಮಾನವಾದೀತೇ ಹೊರತು ಸಂಶೋಧನೆಯಾಗದು. ಹೆಸರಿನ ಸಾಮ್ಯ ತನಿಖೆಯ ಆರಂಭವೇ ಹೊರತು ತೀರ್ಮಾನವಲ್ಲ.

ಕನ್ನಡ ಸಾಹಿತ್ಯಚರಿತ್ರೆಗೆ ಈ ಪ್ರಶ್ನೆ ಹಳೆಯದು. ಗಂಗರ ಮಂತ್ರಿಯಾಗಿದ್ದು, 978ರಲ್ಲಿ ತನ್ನ ಪುರಾಣವನ್ನು ಮುಗಿಸಿ, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದವನು ಒಬ್ಬ ಚಾವುಂಡರಾಯ. ಚಾಳುಕ್ಯ ಎರಡನೆಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಪಾಕಶಾಸ್ತ್ರಗಳನ್ನು ಒಳಗೊಂಡ ‘ಲೋಕೋಪಕಾರ’ವನ್ನು ಬರೆದವನು ಇನ್ನೊಬ್ಬ ಚಾವುಂಡರಾಯ. ಮಂಗರಾಜರಂತೂ ಮೂವರು. 14ನೆಯ ಶತಮಾನದಲ್ಲಿ ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದವನು ಒಬ್ಬ, ಅಭಿನವ ಮಂಗರಾಜನೆಂದು ಪ್ರಸಿದ್ಧನಾಗಿ 1398ರಲ್ಲಿ ನಿಘಂಟನ್ನು ರಚಿಸಿದವನು ಮತ್ತೊಬ್ಬ, 16ನೆಯ ಶತಮಾನದ ಆರಂಭದಲ್ಲಿ ‘ಜಯನೃಪಕಾವ್ಯ’, ‘ನೇಮಿಜಿನೇಶ ಸಂಗತಿ’ಗಳನ್ನು ಬರೆದವನು ಮಗದೊಬ್ಬ. ವೈದ್ಯ, ಕೋಶ, ಕಾವ್ಯ ಎಂಬ ಮೂರು ಕ್ಷೇತ್ರಗಳು ಒಂದೇ ಹೆಸರಿನಡಿ ಬಂದು ನಿಂತಿವೆ.

ಇಂಥವರನ್ನು ಬೇರ್ಪಡಿಸಲು ನಾವು ರೂಢಿಸಿಕೊಂಡಿರುವ ಕ್ರಮ ‘ಒಂದನೆಯ’, ‘ಎರಡನೆಯ’ ಎಂಬ ಸಂಖ್ಯೆ. ಇದು ಅನುಕೂಲಕರವೆಂಬುದು ನಿಜ. ಆದರೆ ಇದರಲ್ಲಿ ಎರಡು ದೋಷಗಳಿವೆ. ಮೊದಲನೆಯದು, ಸಂಖ್ಯೆ ವ್ಯಕ್ತಿಯ ಬಗೆಗೆ ಏನನ್ನೂ ಹೇಳುವುದಿಲ್ಲ. ‘ಮೂರನೆಯ ಮಂಗರಾಜ’ ಎಂದು ಓದಿದ ವಿದ್ಯಾರ್ಥಿಗೆ ಅವನು ವೈದ್ಯನೋ ಕವಿಯೋ ತಿಳಿಯದು. ಎರಡನೆಯದು, ಸಂಖ್ಯೆ ಕಾಲನಿರ್ಣಯವನ್ನು ನೆಚ್ಚಿದೆ. ಕಾಲನಿರ್ಣಯವೋ ಸದಾ ಪರಿಷ್ಕಾರಕ್ಕೆ ಒಳಪಡುವಂಥದು.

ನಾಗವರ್ಮನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ‘ಛಂದೋಂಬುಧಿ’ಯ ನಾಗವರ್ಮನೂ ‘ಕಾವ್ಯಾವಲೋಕನ’, ‘ಕರ್ಣಾಟಕ ಭಾಷಾಭೂಷಣ’ಗಳ ನಾಗವರ್ಮನೂ ಬೇರೆ ಬೇರೆ ಎಂಬುದು ಇಂದು ಅಂಗೀಕೃತ ವಿಚಾರ. ಈ ಎರಡನೆಯವನನ್ನು ವಿದ್ವಾಂಸರು ಮೊದಲಿಗೆ ಚಾಳುಕ್ಯ ಎರಡನೆಯ ಜಗದೇಕಮಲ್ಲನ ಆಸ್ಥಾನದವನೆಂದು, ಅಂದರೆ 12ನೆಯ ಶತಮಾನದ ಮಧ್ಯಭಾಗದವನೆಂದು ತಿಳಿದರು. ಆದರೆ ಎರಡನೆಯ ಜಯಸಿಂಹನಿಗೂ ಜಗದೇಕಮಲ್ಲನೆಂಬ ಬಿರುದಿತ್ತು. ‘ವರ್ಧಮಾನಪುರಾಣ’ ಬೆಳಕಿಗೆ ಬಂದ ಮೇಲೆ ನಾಗವರ್ಮನ ಕಾಲ 11ನೆಯ ಶತಮಾನದ ಮಧ್ಯಭಾಗವೆಂಬ ಮತ ಬಲಗೊಂಡಿತು. ಕವಿಯ ಹೆಸರಿನ ಗೊಂದಲ ಕಳೆದರೂ ಆಶ್ರಯದಾತನ ಬಿರುದಿನ ಗೊಂದಲ ಉಳಿದುಕೊಂಡು ಒಂದು ಶತಮಾನದ ಅಂತರಕ್ಕೆ ಕಾರಣವಾಯಿತು.

ಬಿರುದಿನಿಂದ ಉಂಟಾದ ಇಂಥದೇ ಗೊಂದಲವನ್ನು ಬಗೆಹರಿಸಿದ ಶಿಲೆ ನಮ್ಮ ನೆರೆಯಲ್ಲಿಯೇ ಇದೆ. ಅಶೋಕನ ಶಾಸನಗಳನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಅಲ್ಲಿಯ ‘ದೇವಾನಂಪಿಯ’ನನ್ನು ಮೊದಲಿಗೆ ಸಿಂಹಳದ ಅರಸನೆಂದು ಭಾವಿಸಿದ್ದ, ಅಲ್ಲಿಯ ತಿಸ್ಸನಿಗೂ ಅದೇ ಬಿರುದಿತ್ತು. ಜಾರ್ಜ್ ಟರ್ನರ್ ಪಾಲಿ ಆಕರಗಳ ನೆರವಿನಿಂದ ಅದನ್ನು ತಿದ್ದಿದ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನ ಬಿರುದಿನೊಡನೆ ಅಶೋಕನ ಹೆಸರನ್ನೂ ನೀಡಿ ಆ ನಿರ್ಣಯವನ್ನು ಶಾಸನದಲ್ಲಿಯೇ ದೃಢಪಡಿಸಿತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳನ್ನು ಪಾಠ ಮಾಡುವ ನಾವು ಈ ಪಾಠವನ್ನೂ ಮರೆಯಲಾಗದು.

ಸಂಖ್ಯೆಗಿಂತ ಉತ್ತಮವಾದ ಕ್ರಮವೊಂದು ನಮ್ಮ ಪರಂಪರೆಯಲ್ಲಿಯೇ ಇದೆ. 12ನೆಯ ಶತಮಾನದ ಶರಣರಲ್ಲಿ ಮಾರಯ್ಯ, ಮಾರಿತಂದೆ ಎಂಬ ಹೆಸರಿನವರು ಹಲವರು. ಅವರು ಯಾರೂ ಒಂದನೆಯವರಲ್ಲ, ಎರಡನೆಯವರಲ್ಲ. ಚೆಲ್ಲಿದ ಅಕ್ಕಿಯನ್ನು ಆಯುವವನು ಆಯ್ದಕ್ಕಿ ಮಾರಯ್ಯ. ಕಟ್ಟಿಗೆಯ ಹೊರೆ ಹೊರುವವನು ಮೋಳಿಗೆ ಮಾರಯ್ಯ. ನಗಿಸುವವನು ನಗೆಯ ಮಾರಿತಂದೆ. ಹೆಸರಿನ ಹಿಂದೆ ಕಾಯಕ ನಿಂತು ವ್ಯಕ್ತಿಯನ್ನು ಗುರುತಿಸಿತು. ವಚನದ ಕೊನೆಯ ಅಂಕಿತ ಅದನ್ನು ಇನ್ನಷ್ಟು ಖಚಿತಪಡಿಸಿತು. ಆಯ್ದಕ್ಕಿ ಮಾರಯ್ಯನ ಅಂಕಿತವಾದ ‘ಅಮರೇಶ್ವರಲಿಂಗ’ ಲಿಂಗಸುಗೂರು ಸೀಮೆಯ ಅಮರೇಶ್ವರವನ್ನು ನೆನಪಿಸುತ್ತದೆ. ಕಾಯಕ, ಸ್ಥಳ, ಅಂಕಿತ: ಈ ಮೂರೂ ಸೇರಿದಾಗ ಸಮಾನನಾಮರು ಒಬ್ಬರಲ್ಲೊಬ್ಬರು ಕರಗಿಹೋಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕ್ಷೇತ್ರವನ್ನೇ ಗುರುತಾಗಿಸಿಕೊಂಡರೆ, ಹಲವು ಕ್ಷೇತ್ರಗಳಲ್ಲಿ ದುಡಿದ ಒಬ್ಬನನ್ನು ಇಬ್ಬರನ್ನಾಗಿ ಒಡೆಯುವ ಅಪಾಯವಿಲ್ಲವೆ? ಇದೆ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಸಿದ್ಧಯ್ಯ ಪುರಾಣಿಕರು ಹಿರಿಯ ಆಡಳಿತಾಧಿಕಾರಿಗಳಾಗಿದ್ದರು, ಕಾವ್ಯದಲ್ಲಿ ‘ಕಾವ್ಯಾನಂದ’ರು. ಆಡಳಿತದ ಕಡತವನ್ನು ಮಾತ್ರ ನೋಡಿದವನಿಗೂ ಕವನಸಂಕಲನವನ್ನು ಮಾತ್ರ ನೋಡಿದವನಿಗೂ ಅವರು ಇಬ್ಬರಾಗಿ ಕಂಡಾರು. ‘ಪುರಾಣಿಕ’ ಎಂಬುದೋ ವೃತ್ತಿಯಿಂದ ಬಂದ, ಅನೇಕ ಮನೆತನಗಳಿಗೆ ಸಲ್ಲುವ ಹೆಸರು. ಆದ್ದರಿಂದ ಕ್ಷೇತ್ರವೊಂದೇ ಸಾಲದು. ಕಾಲ, ಸ್ಥಳ, ಕಾವ್ಯನಾಮಗಳೂ ಜೊತೆಗಿರಬೇಕು. ನನ್ನ ವಾದ ಸಂಖ್ಯೆಯ ಬದಲಿಗೆ ಇನ್ನೊಂದು ಒಂಟಿ ಗುರುತನ್ನು ಇರಿಸಬೇಕೆಂಬುದಲ್ಲ. ಗುರುತುಗಳು ಕೂಡಿಯೇ ಇರಬೇಕೆಂಬುದು.

ಹೆಸರಿನ ಮುಂದಿನ ಅಕ್ಷರಗಳ ಬಗೆಗೂ ಇದೇ ಮಾತು. ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್, ಗ್ರಂಥಸಂಪಾದನೆಯ ಡಿ.ಎಲ್. ನರಸಿಂಹಾಚಾರ್, ‘ಗೋಕುಲ ನಿರ್ಗಮನ’ದ ಪು.ತಿ. ನರಸಿಂಹಾಚಾರ್: ನಮ್ಮ ತಲೆಮಾರಿಗೆ ಈ ಅಕ್ಷರಗಳೇ ಸಾಕು. ಅವುಗಳನ್ನು ಬಿಡಿಸಿ ಬರೆಯದಿದ್ದರೆ ಮುಂದಿನವರಿಗೆ ಡಿ. ಎಂಬಲ್ಲಿ ದೊಡ್ಡಬೆಲೆ ಎಂಬ ಊರು ಅಡಗಿದೆಯೆಂದು ತಿಳಿಯುವುದಾದರೂ ಹೇಗೆ?

ಹಿರಿಯರಿಗಾದರೆ ಕವಿಚರಿತೆಗಳಿವೆ. ಹೆಚ್ಚು ಅಪಾಯವಿರುವುದು ಹೆಸರಾಗದವರಿಗೆ. ನಮ್ಮ ಭಾಗದಲ್ಲಿ ಬಸಪ್ಪ, ಶರಣಪ್ಪ, ಹನುಮವ್ವ ಎಂಬ ಹೆಸರುಗಳಿಲ್ಲದ ಊರಿಲ್ಲ. ಕ್ಷೇತ್ರಕಾರ್ಯದ ಸಂಗ್ರಹವೊಂದರಲ್ಲಿ ‘ಹಾಡಿದವರು: ಬಸಪ್ಪ, ಬೇವೂರು’ ಎಂದಷ್ಟೇ ಬರೆದರೆ ಆ ತತ್ತ್ವಪದಕಾರ ಯಾವ ಬೇವೂರಿನವನು, ಯಾವ ಮನೆತನದವನು ಎಂಬುದು ಸಂಗ್ರಾಹಕನೊಡನೆಯೇ ಅಳಿದುಹೋಗುತ್ತದೆ. ಕಾಲಾನಂತರದಲ್ಲಿ ಅವನ ಪದಗಳು ಅದೇ ಹೆಸರಿನ ಹೆಚ್ಚು ಪ್ರಸಿದ್ಧನಾದವನ ಖಾತೆಗೆ ಸೇರುತ್ತವೆ. ಸಮಾನನಾಮದ ಗೊಂದಲದಲ್ಲಿ ಕಳೆದುಕೊಳ್ಳುವವನು ಯಾವಾಗಲೂ ಚಿಕ್ಕವನೇ.

ಆದ್ದರಿಂದ ಕನ್ನಡ ಅಧ್ಯಯನ ವಿಭಾಗಗಳು ತಮ್ಮ ವ್ಯಾಪ್ತಿಯ ಲೇಖಕರ, ಕಲಾವಿದರ, ವಕ್ತೃಗಳ ನಾಮಸೂಚಿಯನ್ನು ಸಿದ್ಧಪಡಿಸುವುದು ಅಗತ್ಯ. ಪ್ರತಿ ಹೆಸರಿನೊಡನೆ ತಂದೆ ಅಥವಾ ತಾಯಿಯ ಹೆಸರು, ಊರು, ತಾಲ್ಲೂಕು, ಕಾಲ, ಕಾಯಕ, ಅಂಕಿತ ಅಥವಾ ಕಾವ್ಯನಾಮ ಇರಲಿ. ಜೀವಂತ ವಕ್ತೃಗಳ ವಿವರವನ್ನು ಅವರ ಒಪ್ಪಿಗೆಯಿಂದಲೇ ದಾಖಲಿಸಬೇಕು. ಕೊಪ್ಪಳ ಜಿಲ್ಲೆ 1997ರಲ್ಲಿ ರಚನೆಯಾಯಿತು; ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಇದೇ ಬೇವೂರು ರಾಯಚೂರು ಜಿಲ್ಲೆಯದು. ಇಂಥ ಬದಲಾವಣೆಯನ್ನೂ ನಮೂದಿಸಬೇಕು. ಪ್ರಬಂಧವನ್ನು ಒಪ್ಪಿಸುವ ಪ್ರತಿಯೊಬ್ಬ ಸಂಶೋಧಕನೂ ತಾನು ಬಳಸಿದ ಹೆಸರುಗಳಿಗೆ ಈ ವಿವರ ಒದಗಿಸುವುದನ್ನು ಮಾರ್ಗದರ್ಶಕರು ಕಡ್ಡಾಯ ಮಾಡಿದರೆ, ಪ್ರತ್ಯೇಕ ಯೋಜನೆಗಾಗಿ ಕಾಯಬೇಕಾದುದಿಲ್ಲ.