ಹೋರ್ನ್‌ನ ಚೌಕದಲ್ಲಿ ನಿಂತವನು

ಕನ್ನಡದ ಪ್ರವಾಸಕಥನಗಳಲ್ಲಿ ಹಾಲೆಂಡ್ ಎಂದರೆ ಕಾಲುವೆ, ಗಾಳಿಯಂತ್ರ, ಟುಲಿಪ್, ಸೈಕಲ್. ಕೊನೆಗೊಂದು ನಿಟ್ಟುಸಿರು, ನಮ್ಮಲ್ಲಿ ಈ ಅಚ್ಚುಕಟ್ಟು ಯಾವಾಗ ಎಂದು. ಆ ಅಚ್ಚುಕಟ್ಟಿಗೆ ಹಣ ಎಲ್ಲಿಂದ ಬಂತೆಂದು ಕೇಳದೆ ಹೊಗಳುವುದು ಬರೀ ಸೋಮಾರಿತನ.

ಆಮ್ಸ್ಟರ್‌ಡ್ಯಾಮ್‌ನ ಉತ್ತರಕ್ಕಿರುವ ಹೋರ್ನ್ ನಗರವನ್ನೇ ನೋಡಿ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಒಂದು ಇಲ್ಲಿತ್ತು. ಬಂದರಿನಂಚಿನ 1532ರ ಗೋಪುರ, ಬೀದಿಯ ಕಡೆಗೆ ಬಾಗಿದ ಇಟ್ಟಿಗೆಯ ಮನೆಗಳು ನಿಜಕ್ಕೂ ಸುಂದರ. ಆದರೆ ರೋಡೆ ಸ್ಟೇನ್ ಚೌಕದಲ್ಲಿ ಈ ಊರಿನ ಮಗ ಯಾನ್ ಪೀಟರ್‌ಸೋನ್ ಕೂನ್ 1893ರಿಂದ ಕಂಚಿನಲ್ಲಿ ನಿಂತಿದ್ದಾನೆ. ಜಾಯಿಕಾಯಿ, ಜಾಪತ್ರೆಗಳ ಏಕಸ್ವಾಮ್ಯಕ್ಕಾಗಿ 1621ರಲ್ಲಿ ಬಾಂಡಾ ದ್ವೀಪಗಳ ಮೇಲೆ ದಂಡೆತ್ತಿ ಹೋದವನು ಈತ. ಅಲ್ಲಿನ ಸುಮಾರು 15,000 ನಿವಾಸಿಗಳಲ್ಲಿ ದ್ವೀಪಗಳಲ್ಲಿ ಉಳಿದವರು ಸಾವಿರದಷ್ಟು ಎಂಬುದು ಇತಿಹಾಸಕಾರರ ಅಂದಾಜು. ಮಿಕ್ಕವರು ಕತ್ತಿಗೆ, ಹಸಿವಿಗೆ ಬಲಿಯಾದರು, ಗುಲಾಮರಾದರು, ಕೆಲವರು ಪಲಾಯನ ಮಾಡಿದರು. ಬರಿದಾದ ತೋಟಗಳಿಗೆ ಬೇರೆಡೆಯಿಂದ ಗುಲಾಮರನ್ನು ತರಿಸಲಾಯಿತು.

2012ರಲ್ಲಿ ಪ್ರತಿಮೆಯ ಫಲಕವನ್ನು ತಿದ್ದಿದರು. ಇವನ ಹಿಂಸೆ ಗೌರವಕ್ಕೆ ಅರ್ಹವಲ್ಲವೆಂಬ ಮಾತು ಈಗ ಅಲ್ಲಿದೆ, ಟೀಕಾಕಾರರ ಅಭಿಪ್ರಾಯವೆಂಬ ರಕ್ಷಾಕವಚದೊಳಗೆ. ಸರ್ಕಾರಿ ಕಡತಗಳ ನಡುವೆ ಬದುಕುವ ನನಗೆ ಈ ವರಸೆ ಚಿರಪರಿಚಿತ: ಸತ್ಯವನ್ನು ಬೇರೆಯವರ ಬಾಯಲ್ಲಿ ಹೇಳಿಸಿ, ತಾನು ಸಹಿಯಿಂದ ತಪ್ಪಿಸಿಕೊಳ್ಳುವುದು.

ಆದರೂ ಆ ಊರಿನವರು ಜಗಳವನ್ನಾದರೂ ಆಡಿದರು. ನಮ್ಮ ಲೇಖಕರು ಪ್ರತಿಮೆಯೆದುರು ಫೋಟೊ ತೆಗೆಸಿಕೊಂಡು ಚೀಸ್ ಕೊಳ್ಳಲು ಹೊರಡುತ್ತಾರೆ. ಇದೇ ಕಂಪನಿ ನಮ್ಮ ಬಸರೂರಿನಲ್ಲೂ ಕೋಠಿ ಇಟ್ಟು ಅಕ್ಕಿ, ಮೆಣಸು ಕೊಳ್ಳುತ್ತಿತ್ತೆಂಬುದು ಅವರ ಯಾವ ಪುಟದಲ್ಲೂ ನನಗೆ ಸಿಕ್ಕಿಲ್ಲ.