ಬೈಗುಳದ ಬಿಟ್ಟಿ ಚಾಕರಿ

ನಮ್ಮ ಊರಿನ ಒಂದು ಗಿರಣಿಯ ಕಾರ್ಮಿಕರು ಬೋನಸ್ಸಿನ ಪ್ರಶ್ನೆಗಾಗಿ ಫೋನಿನಲ್ಲಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಪಾಳಿಗಳು ಬೇರೆ ಬೇರೆ. ಎಲ್ಲರೂ ಒಂದೆಡೆ ಸೇರುವುದು ಕಷ್ಟ. ಆದುದರಿಂದ ಗುಂಪು ಉಪಯೋಗಕ್ಕೇ ಬಂದಿತ್ತು. ಒಂದು ರಾತ್ರಿ ಯಾರೋ ಒಬ್ಬರು, ಒಂದು ಕೋಮಿನವರನ್ನು ಹೀಯಾಳಿಸುವ ಸಂದೇಶವನ್ನು ಎಲ್ಲಿಂದಲೋ ತಂದು ಅದರಲ್ಲಿ ಹಾಕಿದರು. ಇನ್ನೊಬ್ಬರು ಅದಕ್ಕೆ ಉತ್ತರ ಕೊಟ್ಟರು. ಬೆಳಗಾಗುವುದರೊಳಗೆ ತಾಯಿ, ತಂಗಿ, ಜಾತಿ, ಕುಲ ಯಾವುದೂ ಉಳಿಯಲಿಲ್ಲ. ಅರ್ಧ ಜನ ಗುಂಪು ಬಿಟ್ಟರು. ಮುಂದಿನ ವಾರ ಬೇಡಿಕೆಯ ಪತ್ರಕ್ಕೆ ಸಹಿ ಹಾಕಬೇಕಾಗಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾಲೀಕರು ಒಂದು ಕಾಸು ಖರ್ಚಿಲ್ಲದೆ ಗೆದ್ದರು.

ಇದು ಒಂದು ಗಿರಣಿಯ ಕಥೆಯಲ್ಲ. ಪೇಟೆಯ ಚಿಕ್ಕ ವರ್ತಕರ ಗುಂಪುಗಳ ಹಣೆಬರಹವೂ ಇದೇ. ನಿನ್ನೆಯವರೆಗೆ ಉದ್ರಿ ಬರೆಸುತ್ತಿದ್ದ ಗಿರಾಕಿಯೇ ಇಂದು 'ಅವನ ಅಂಗಡಿಗೆ ಹೋಗಬೇಡಿ' ಎಂಬ ಸಂದೇಶವನ್ನು ಹತ್ತು ಕಡೆ ಹಂಚುತ್ತಾನೆ. ಅಂಗಡಿಯವನು ಸಿಟ್ಟಿನಲ್ಲಿ ಅದಕ್ಕಿಂತ ಕೀಳಾದ ಉತ್ತರ ಬರೆಯುತ್ತಾನೆ. ನಷ್ಟ ಇಬ್ಬರದೂ. ಹಾಗಾದರೆ ಲಾಭ ಯಾರದು?

ದೊಡ್ಡ ಮನುಷ್ಯರಿಗೆ ಇದರ ಉತ್ತರ ಸಿದ್ಧವಾಗಿದೆ. 'ಜನರಿಗೆ ಸಂಸ್ಕಾರವಿಲ್ಲ, ಕೈಗೆ ಫೋನು ಸಿಕ್ಕಿತು, ಕೆಟ್ಟರು' ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ರಾತ್ರಿ ಬೈದವನೇ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ 'ಬಾ ಅಣ್ಣಾ' ಎಂದು ಪಕ್ಕದಲ್ಲಿ ಜಾಗ ಕೊಡುವವನು. ಎದುರಿಗೆ ಮುಖವಿದ್ದಾಗ, ಆ ಮುಖ ಬಾಡಿದ್ದು ಕಂಡಾಗ, ನಾಲಗೆ ತಾನಾಗಿ ಹಿಂಜರಿಯುತ್ತದೆ. ಫೋನಿನಲ್ಲಿ ಮುಖವೂ ಇಲ್ಲ, ದನಿಯೂ ಇಲ್ಲ, ಬರೀ ಅಕ್ಷರ. ಮೇಲಾಗಿ ಇನ್ನೂರು ಜನ ನೋಡುತ್ತಿರುತ್ತಾರೆ. ಹಿಂದೆ ಸರಿದರೆ ಮಾನ ಹೋದಂತೆ. ದಿನವಿಡೀ ಮೇಸ್ತ್ರಿಯಿಂದ ಬೈಸಿಕೊಂಡು ತುಟಿ ಕಚ್ಚಿ ನಿಂತವನಿಗೆ ಆ ಕಹಿಯನ್ನು ಎಲ್ಲಾದರೂ ಚೆಲ್ಲಬೇಕು. ಮೇಸ್ತ್ರಿಯ ಮೇಲೆ ಚೆಲ್ಲಲಾರ. ಜೊತೆಯವನ ಮೇಲೆ ಚೆಲ್ಲುತ್ತಾನೆ.

ಇದು ಅರ್ಧ ಸತ್ಯ. ಉಳಿದರ್ಧ ಲೆಕ್ಕದ ಪುಸ್ತಕದಲ್ಲಿದೆ. ಫೇಸ್‌ಬುಕ್ ಕಂಪನಿಯಲ್ಲಿ ಕೆಲಸ ಮಾಡಿದ್ದ ಫ್ರಾನ್ಸೆಸ್ ಹಾಗೆನ್ ಎಂಬಾಕೆ 2021ರಲ್ಲಿ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಹೊರಗೆ ತಂದರು. ಯಾವ ಬರಹವನ್ನು ಹೆಚ್ಚು ಜನರಿಗೆ ತೋರಿಸಬೇಕೆಂದು ಲೆಕ್ಕ ಹಾಕುವಾಗ, 2017ರಿಂದ ಆ ಕಂಪನಿ ಬರೀ ಮೆಚ್ಚುಗೆಯ ಹೆಬ್ಬೆರಳಿಗೆ 1 ಅಂಕ, ಕೋಪದ ಮುಖವೂ ಸೇರಿದಂತೆ ಉಳಿದ ಭಾವಚಿಹ್ನೆಗಳಿಗೆ 5 ಅಂಕ ಕೊಡುತ್ತಿತ್ತೆಂದು ಜಗತ್ತಿಗೆ ಆಗ ತಿಳಿಯಿತು. ಇದರಿಂದ ಜಗಳದ ಬರಹಗಳೇ ಮೇಲೆ ಬರುತ್ತವೆಂದು ಅದರ ನೌಕರರೇ ಎಚ್ಚರಿಸಿದ್ದರು. ಕೋಪದ ಅಂಕವನ್ನು ಸೊನ್ನೆಗೆ ಇಳಿಸಿದ್ದು 2020ರಲ್ಲಿ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಕಂಪನಿಗೆ ಜಾಹೀರಾತಿನ ಹಣ. 2014ರಿಂದ ವಾಟ್ಸಾಪ್ ಕೂಡ ಇದೇ ಧಣಿಗಳದು. ಅಲ್ಲಿ ಅಂಕಗಳ ಲೆಕ್ಕವಿಲ್ಲ, ನಿಜ. ಆದರೆ ಅಲ್ಲಿ ಕುದಿಸಿದ್ದು ಇಲ್ಲಿಗೆ ಹರಿದುಬರುತ್ತದೆ. ಇದರ ಮೇಲೆ ರಾಜಕೀಯ ಪಕ್ಷಗಳ ಐ.ಟಿ. ಸೆಲ್ಲುಗಳು. ಅಲ್ಲಿ ಕುಳಿತು ವಿಷ ಬರೆಯುವವನಿಗೆ ಸಂಬಳವಾದರೂ ಉಂಟು. ಅದನ್ನು ಹೊತ್ತು ಮನೆಮನೆಗೆ ಮುಟ್ಟಿಸುವ ನಮಗೆ? ಹಿಂದೆ ಊರ ಜಮೀನ್ದಾರನಿಗೆ ನಮ್ಮ ಹಿರಿಯರು ಬಿಟ್ಟಿ ಚಾಕರಿ ಮಾಡಿದರು. ಈಗ ಕಾಣದ ಧಣಿಗಳಿಗೆ ನಾವು ಮಾಡುತ್ತಿದ್ದೇವೆ, ಅದೂ ನಮ್ಮದೇ ದುಡ್ಡಿನಿಂದ ಫೋನಿಗೆ ರೀಚಾರ್ಜ್ ಹಾಕಿಸಿಕೊಂಡು!

ಈ ಚಾಕರಿಯ ಫಲವೇನೆಂದು ರಾಜಧಾನಿ ಎರಡು ಸಲ ಕಂಡಿದೆ. 2012ರ ಆಗಸ್ಟಿನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಸಂದೇಶಗಳು ಫೋನಿನಿಂದ ಫೋನಿಗೆ ಹಾರಿದವು. ಕಾವಲುಗಾರರು, ಹೋಟೆಲ್ ಕೆಲಸಗಾರರು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರು ನಗರ ರೈಲ್ವೆ ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. 2018ರ ಮೇ 23ರಂದು, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳನ್ನು ನಂಬಿದ ಜನ ಚಾಮರಾಜಪೇಟೆಯಲ್ಲಿ ಒಬ್ಬ ಯುವಕನನ್ನು ಹಗ್ಗ ಕಟ್ಟಿ ಎಳೆದಾಡಿ ಬಡಿದು ಕೊಂದರು. ಆತ ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದವನು. ಎರಡು ಸಲವೂ ಬಲಿಯಾದವರು ಹೊಟ್ಟೆಪಾಡಿಗೆ, ಓದಿಗೆ ಊರು ಬಿಟ್ಟು ಬಂದವರು. ಸಂದೇಶ ಹಂಚಿದವರಲ್ಲಿಯೂ ನಮ್ಮಂಥ ದುಡಿಯುವ ಜನ ಎಷ್ಟಿದ್ದರೋ!

ಅದೇ ರೈಲ್ವೆ ನಿಲ್ದಾಣದಿಂದ ಎರಡು ಮೈಲಿಯೊಳಗೆ ಕುಮಾರ ಪಾರ್ಕ್ ಇದೆ. 1927ರಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಜೂನ್‌ನಿಂದ ಆಗಸ್ಟಿನವರೆಗೆ ಇಲ್ಲಿ ತಂಗಿದ್ದರು. ಆ ನೆನಪಿಗೋ ಎಂಬಂತೆ ಗಾಂಧಿ ಭವನವೂ ಇಂದು ಅಲ್ಲಿಯೇ ಇದೆ. ಅದೇ ವರ್ಷ ಅಮೆರಿಕದ ಕ್ಯಾಥರೀನ್ ಮೇಯೋ ಎಂಬಾಕೆ 'ಮದರ್ ಇಂಡಿಯಾ' ಎಂಬ ಪುಸ್ತಕದಲ್ಲಿ ಇಡೀ ದೇಶವನ್ನು ಹೀನಾಯವಾಗಿ ಬರೆದಿದ್ದಳು. ದೇಶವೆಲ್ಲ ಕೆರಳಿತ್ತು. ಬೆಂಗಳೂರು ಬಿಟ್ಟ ಕೆಲವೇ ವಾರಗಳಲ್ಲಿ, ಸೆಪ್ಟೆಂಬರಿನಲ್ಲಿ, ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಉತ್ತರ ಬರೆದರು. ಮೆತ್ತನೆಯ ಉತ್ತರವೇನೂ ಅಲ್ಲ. ಚರಂಡಿ ತನಿಖೆಗೆ ಬಂದವರ ವರದಿ ಎಂದು ಅದಕ್ಕೆ ಹೆಸರಿಟ್ಟರು. ಆದರೆ ಮೊದಲು ಪುಸ್ತಕ ಓದಿದರು. ಬರೆದವಳ ಕುಲಗೋತ್ರ ಎತ್ತಲಿಲ್ಲ. ಬರೆದದ್ದಕ್ಕೆ ಉತ್ತರ ಕೊಟ್ಟರು. ಕೊನೆಗೆ ನಮ್ಮವರ ಕಡೆಗೂ ತಿರುಗಿ, ಆರೋಪ ಅನ್ಯಾಯದ್ದಾದರೂ ಅದರೊಳಗಿನ ನಿಜವನ್ನು ಭಾರತೀಯರು ಅಲ್ಲಗಳೆಯಬಾರದೆಂದರು. ಗಾಂಧೀಜಿಯವರ ಎಲ್ಲ ಮಾತನ್ನೂ ಒಪ್ಪುವವರು ನಾವಲ್ಲ. ಆದರೆ ಕಟುವಾಗಿ ಮಾತನಾಡುವುದು ಬೇರೆ, ಬೈಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ತಿಳಿಯದು.

'ಕಾನೂನು ಬಿಗಿ ಮಾಡಿ, ಬೈದವರನ್ನು ಒಳಗೆ ಹಾಕಿ' ಎನ್ನುವವರೂ ಇದ್ದಾರೆ. ಅಂಥ ಕಾನೂನನ್ನು ನಾವು ಕಂಡಿದ್ದೇವೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮಿನಡಿ 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರನ್ನು ಬಂಧಿಸಿದರು. ಬಾಳ ಠಾಕ್ರೆಯವರ ನಿಧನದ ನಂತರದ ಬಂದ್ ಕುರಿತು ಒಬ್ಬಳು ಬರೆದಿದ್ದಳು. ಇನ್ನೊಬ್ಬಳು ಅದನ್ನು ಮೆಚ್ಚಿದ್ದಳು. ಅಷ್ಟೇ ಅಪರಾಧ! 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಆ ಕಲಮನ್ನು ರದ್ದು ಮಾಡಿತು. ಬಾಯಿ ಮುಚ್ಚಿಸುವ ಲಾಠಿ ಮೊದಲು ಬೀಳುವುದು ಬಡವನ ಬೆನ್ನಿನ ಮೇಲೆಯೇ. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ಲೋಹಿಯಾ ಅವರು ನಮಗೆ ಕಲಿಸಿದ್ದು ಮಾತಿಗೆ ಸ್ವಾತಂತ್ರ್ಯ, ಕೃತಿಗೆ ನಿಯಂತ್ರಣ ಎಂಬ ಸೂತ್ರ. ಕೊಲೆ ಬೆದರಿಕೆ, ಹೆಣ್ಣುಮಕ್ಕಳಿಗೆ ಕಳಿಸುವ ಅಶ್ಲೀಲ ಸಂದೇಶ, 'ಹೊಡೆಯಿರಿ' ಎಂಬ ಕರೆ, ಇವು ಮಾತಿನ ವೇಷ ತೊಟ್ಟ ಕೃತಿಗಳು. ಇವುಗಳಿಗೆ ಪೋಲೀಸು ಬೇಕು. ಉಳಿದದ್ದಕ್ಕೆ ಬೇಕಾದದ್ದು ನಮ್ಮ ಶಿಸ್ತು.

ಆ ಶಿಸ್ತು ಯಾವುದು? ಬೇಡಿಕೆಯ ಗುಂಪಿನಲ್ಲಿ ಬೇಡಿಕೆಯ ಮಾತು ಮಾತ್ರ. ಅದನ್ನು ಕಾಯಲು ಬೇರೆ ಬೇರೆ ಪಾಳಿಯ, ಬೇರೆ ಬೇರೆ ಕೋಮಿನ ಇಬ್ಬರನ್ನು ಸಭೆಯಲ್ಲಿ ಆರಿಸಿ. ಎಲ್ಲಿಯದು, ಯಾವಾಗಿನದು, ಯಾರು ಕಂಡದ್ದು ಎಂದು ಹೇಳಲಾಗದ ಸಂದೇಶ ನಿಮ್ಮ ಫೋನಿನಲ್ಲೇ ಸಾಯಲಿ. ರಾತ್ರಿ ಬಂದ ಬೈಗುಳಕ್ಕೆ ರಾತ್ರಿ ಉತ್ತರ ಬೇಡ; ಬೆಳಿಗ್ಗೆ ಗೇಟಿನಲ್ಲೋ ಅಂಗಡಿಯಲ್ಲೋ ಮೂರನೆಯ ಒಬ್ಬರನ್ನು ಜೊತೆಗಿಟ್ಟುಕೊಂಡು ಎದುರಾಎದುರು ಕೇಳಿ. ಹೆಣ್ಣುಮಗಳನ್ನು ಬೈದರೆ 'ನೀನೇ ಗುಂಪು ಬಿಟ್ಟುಬಿಡಮ್ಮ' ಎನ್ನುವ ಹೇಡಿತನ ನಿಲ್ಲಲಿ, ಬಿಡಬೇಕಾದವನು ಬೈದವನು. ಬೆದರಿಕೆ ಬಂದರೆ ಅಳಿಸಬೇಡಿ. ಸಂದೇಶ, ಸಂಖ್ಯೆ, ದಿನಾಂಕಗಳ ಸಮೇತ ಜಿಲ್ಲೆಯ ಸಿ.ಇ.ಎನ್. ಠಾಣೆಗೆ ಕೊಡಿ. ಒಬ್ಬಳನ್ನೇ ಕಳಿಸಬೇಡಿ, ಸಂಘದವರು ಜೊತೆಗೆ ಹೋಗಿ.

ಇನ್ನೊಂದು ಮಾತು ನಮಗೇ ಸೇರಿದ್ದು. 'ಅವರು ಬೈದರು, ಅದಕ್ಕೆ ನಾವೂ ಬೈದೆವು' ಎನ್ನುವ ಸಂಗಾತಿಗಳು ನಮ್ಮಲ್ಲೂ ಇದ್ದಾರೆ. ಎದುರು ಪಕ್ಷದವನನ್ನು ಅವನ ಜಾತಿ ಹಿಡಿದು ಹೀಯಾಳಿಸಿದ ಬರಹಕ್ಕೆ ನಾವೂ ನಕ್ಕಿದ್ದೇವೆ, ಅದು ತಪ್ಪು. ನಮ್ಮ ಕಡೆಯ ಬಾಯನ್ನು ಮೊದಲು ತಡೆಯದವರಿಗೆ ಎದುರು ಕಡೆಯವರನ್ನು ಕೇಳುವ ಹಕ್ಕಿಲ್ಲ.

ಮಾಲೀಕನ ವಿರುದ್ಧ ಹರತಾಳ ಹೂಡಲು ಬಲ್ಲವರು ನಾವು. ಈ ಬಿಟ್ಟಿ ಚಾಕರಿಯ ವಿರುದ್ಧವೂ ಹರತಾಳ ಹೂಡೋಣ. ಇದಕ್ಕೆ ಕೂಲಿ ಕಡಿತವಿಲ್ಲ, ನೋಟೀಸಿಲ್ಲ. ಸಿಟ್ಟು ನಮಗೆ ಬೇಕು. ಆದರೆ ಅದು ಬೋನಸ್ಸಿನ ಬೇಡಿಕೆಪತ್ರದ ಮೇಲೆ ಸಹಿಯಾಗಿ ಬೀಳಲಿ. ಪಕ್ಕದ ಮಗ್ಗದವನ ಮುಖದ ಮೇಲೆ ಉಗುಳಾಗಿ ಬೀಳದಿರಲಿ.